ಗಾಜಿನ ಪೆಟ್ಟಿಗೆಯ ಆರ್ಕಿಡ್‌ಗೆ ಯಾವ ಲೈಟ್? ಕಲಬುರಗಿ ಮನೆಗಳಿಗೆ ಒಂದು ಹೋಲಿಕೆ

ಗ್ರೋ ಲೈಟ್, ಅಂದರೆ ಗಿಡ ಬೆಳೆಸುವ ದೀಪದ ಬಗ್ಗೆ ಹುಡುಕಿದರೆ ಸಿಗುವ ಸಲಹೆಗಳಲ್ಲಿ ಬಹಳಷ್ಟು ಚಳಿ ದೇಶದವರು ಬರೆದದ್ದು. ಅಲ್ಲಿ ಲೈಟಿನ ಬಿಸಿ ಗಿಡಕ್ಕೆ ಉಪಕಾರ. ಹಿಮ ಬೀಳುವ ದಿನಗಳಲ್ಲಿ ಪೆಟ್ಟಿಗೆ ಸ್ವಲ್ಪ ಬೆಚ್ಚಗಿರಲಿ ಅಂತ ದೀಪವನ್ನು ಒಳಗೇ ತೂಗುಹಾಕುತ್ತಾರೆ. ಅದೇ ಸಲಹೆಯನ್ನು ಕಲಬುರಗಿಯಲ್ಲಿ ಪಾಲಿಸಿದರೆ ಏಪ್ರಿಲ್ ಬರುವಷ್ಟರಲ್ಲಿ ಆರ್ಕಿಡ್ ಬೆಂದು ಹೋಗುತ್ತದೆ. ಹೊರಗೆ 42 ಡಿಗ್ರಿ ನಮಗೆ ಮಾಮೂಲು. ಆರ್‌ಸಿಸಿ ಮಾಳಿಗೆ ರಾತ್ರಿ ಹತ್ತಾದರೂ ಕಾವು ಬಿಡುತ್ತಲೇ ಇರುತ್ತದೆ. ಹಾಗಾಗಿ ಇಲ್ಲಿ ಪ್ರತಿ ಲೈಟಿಗೂ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಇದರ ಬಿಸಿ ಎಲ್ಲಿಗೆ ಹೋಗುತ್ತದೆ? ಬಣ್ಣ, ಸ್ಪೆಕ್ಟ್ರಮ್, ರಿಮೋಟು ಎಲ್ಲ ಆಮೇಲೆ.

ಇಷ್ಟು ಬಿಸಿಲಿನ ಊರಿನಲ್ಲಿ ಗಿಡಕ್ಕೆ ದೀಪ ಯಾಕೆ ಅಂತ ಮನೆಯವರೇ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಮಧ್ಯಾಹ್ನದ ಬಿಸಿಲು ಒಂದು ಲಕ್ಷ ಲಕ್ಸ್ (ಬೆಳಕಿನ ಅಳತೆ) ಮುಟ್ಟುತ್ತದೆ. ನಾವು ಮನೆಯಲ್ಲಿ ಸಾಕುವ ಫೆಲನಾಪ್ಸಿಸ್ ಆರ್ಕಿಡ್‌ಗೆ ಅದರ ಹತ್ತರಲ್ಲೊಂದು ಪಾಲು ಸಾಕು. ಇನ್ನು ಗಾಜಿನ ಪೆಟ್ಟಿಗೆ ಇಡುವುದೇ ತೇವಕ್ಕಾಗಿ, ನಮ್ಮ ಬೇಸಿಗೆ ಗಾಳಿಯಲ್ಲಿ ತೇವ ಎನ್ನುವುದೇ ಇರುವುದಿಲ್ಲ. ಆ ಪೆಟ್ಟಿಗೆಯನ್ನು ಬಿಸಿಲಿಗೆ ಇಟ್ಟರೆ ಶಾಖ ಒಳಗೇ ಸಿಕ್ಕಿಕೊಂಡು ಸ್ವಲ್ಪ ಹೊತ್ತಿನಲ್ಲೇ ಎಲೆ ಮೆತ್ತಗಾಗುತ್ತದೆ. ಮನೆಯ ತಂಪು ಮೂಲೆಗೆ ತಂದರೆ ಬೆಳಕು ಕೆಲವೇ ನೂರು ಲಕ್ಸ್‌ಗೆ ಇಳಿಯುತ್ತದೆ. ತಂಪೂ ಬೇಕು, ಬೆಳಕೂ ಬೇಕು. ಅದಕ್ಕೇ ದೀಪ.

ಇಲ್ಲಿ ಪೆಟ್ಟಿಗೆ ಅಂದರೆ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದೂವರೆ ಅಡಿ ಎತ್ತರದ್ದು ಎಂದಿಟ್ಟುಕೊಳ್ಳಿ. ಅಕ್ವೇರಿಯಂ ಅಂಗಡಿಯವರು 5 ಎಂಎಂ ಗಾಜಿನಲ್ಲಿ ಮಾಡಿಕೊಡುತ್ತಾರೆ. ಮುಂದಿನ ಲೆಕ್ಕವೆಲ್ಲ ಈ ಅಳತೆಗೆ.

ಮೊದಲು ಗಿಡ ಯಾವುದು ನೋಡಿ

ಲೈಟ್ ಆರಿಸುವ ಕೆಲಸ ಅರ್ಧ ಮುಗಿಯುವುದು ಗಿಡ ಆರಿಸುವಾಗಲೇ. ಜ್ಯೂವೆಲ್ ಆರ್ಕಿಡ್ ಅಂತ ಒಂದಿದೆ. ಎಲೆ ಮಖಮಲ್ಲಿನಂತೆ ಕಡು ಬಣ್ಣ, ಮೇಲೆ ಕೆಂಪು ಗೆರೆ. ಇದು ಕಾಡಿನ ನೆಲದಲ್ಲಿ ಬೆಳೆಯುವಂಥದ್ದು, ಮೂರು–ನಾಲ್ಕು ಸಾವಿರ ಲಕ್ಸ್‌ಗೇ ಖುಷಿಯಾಗಿರುತ್ತದೆ. ಮಿನಿ ಫೆಲನಾಪ್ಸಿಸ್‌ಗೆ 8,000ದಿಂದ 15,000 ಲಕ್ಸ್ ಬೇಕು. ಡೆಂಡ್ರೋಬಿಯಂ, ಕ್ಯಾಟ್ಲಿಯಾ ಜಾತಿಗೆ 20,000 ದಾಟಬೇಕು. ವ್ಯಾಂಡಾಗೆ ಅದಕ್ಕೂ ಜಾಸ್ತಿ.

ನನ್ನ ಮಟ್ಟಿಗೆ ಡೆಂಡ್ರೋಬಿಯಂ, ವ್ಯಾಂಡಾ ಎರಡೂ ಸಣ್ಣ ಪೆಟ್ಟಿಗೆಯ ಗಿಡಗಳೇ ಅಲ್ಲ. ಅವುಗಳಿಗೆ ಸಾಕಾಗುವಷ್ಟು ಬೆಳಕನ್ನು ಎರಡು ಅಡಿ ಪೆಟ್ಟಿಗೆಗೆ ತುಂಬಿದರೆ ನಮ್ಮ ಊರಿನಲ್ಲಿ ಬಿಸಿ ಹೊರಗೆ ಹಾಕುವುದೇ ದೊಡ್ಡ ಕೆಲಸ. ಡೆಂಡ್ರೋಬಿಯಂ ಅನ್ನು ಬಾಲ್ಕನಿಯಲ್ಲಿ ಶೇಡ್ ನೆಟ್ ಕೆಳಗೆ ನೇತುಹಾಕಿ, ಬೇಸಿಗೆಯಲ್ಲಿ ಎರಡು ಹೊತ್ತು ನೀರು ಸಿಂಪಡಿಸಿದರೆ ಮುಗಿಯಿತು. ಮಲೆನಾಡಿನ ಕಾಡು ಆರ್ಕಿಡ್ ಸೀತಾಳೆ ದಂಡೆ ಕೂಡ ಗಾಳಿ–ಬೆಳಕು ಜಾಸ್ತಿ ಬೇಡುವ ಗಿಡ. ಅದನ್ನು ಕಾಡಿನಿಂದ ಕಿತ್ತು ತರುವುದು ಕಾನೂನಿಗೂ ವಿರುದ್ಧ, ಗಿಡಕ್ಕೂ ಅನ್ಯಾಯ. ನರ್ಸರಿಯಲ್ಲಿ ಬೆಳೆಸಿದ್ದನ್ನೇ ಕೊಳ್ಳಿ.

ಆದ್ದರಿಂದ ಮುಂದಿನ ಮಾತೆಲ್ಲ ಮಿನಿ ಫೆಲನಾಪ್ಸಿಸ್, ಜ್ಯೂವೆಲ್ ಆರ್ಕಿಡ್, ಅಂಥ ಕಡಿಮೆ ಬೆಳಕಿನ ಗಿಡಗಳನ್ನು ಮನಸ್ಸಿನಲ್ಲಿಟ್ಟುಕೊಂಡು.

ಬೆಳಕಿನ ಲೆಕ್ಕ, ಬೇಕಾದಷ್ಟೇ

ಲಕ್ಸ್ ನಮ್ಮ ಕಣ್ಣಿನ ಅಳತೆ. ಗಿಡದ ಅಳತೆ ಬೇರೆ. 400ರಿಂದ 700 ನ್ಯಾನೋಮೀಟರ್ ತರಂಗಾಂತರದ ಬೆಳಕು ಒಂದು ಚದರ ಮೀಟರ್‌ಗೆ ಸೆಕೆಂಡಿಗೆ ಎಷ್ಟು ಮೈಕ್ರೋಮೋಲ್ (ಬೆಳಕಿನ ಕಣ ಎಣಿಸುವ ಮಾನ) ಬಿತ್ತು ಎನ್ನುವುದು ಅದು. ಬಿಳಿ ಎಲ್‌ಇಡಿ ಆದರೆ ಲಕ್ಸ್ ಅನ್ನು 70ರಿಂದ ಭಾಗಿಸಿ, ಹೆಚ್ಚುಕಡಿಮೆ ಮೈಕ್ರೋಮೋಲ್ ಸಿಗುತ್ತದೆ. 7,000 ಲಕ್ಸ್ ಅಂದರೆ ಸುಮಾರು 100. ಫೋನಿನ ಲಕ್ಸ್ ಆ್ಯಪ್ ಈ ಕೆಲಸಕ್ಕೆ ಸಾಕು. ಅಂಕಿ ಕರಾರುವಾಕ್ಕಾಗಿ ಇರಲ್ಲ, ಆದರೆ ಒಂದು ಜಾಗಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ತೋರಿಸುತ್ತದೆ. ಸೆನ್ಸರ್ ಇರುವುದು ಪರದೆಯ ಮೇಲ್ಗಡೆ, ಕಿವಿಗೆ ಹಿಡಿಯುವ ಸ್ಪೀಕರ್ ಪಕ್ಕ. ಫೋನನ್ನು ಎಲೆಯ ಎತ್ತರದಲ್ಲಿ ಪರದೆ ಮೇಲೆ ಮಾಡಿ ಹಿಡಿಯಬೇಕು.

ನೇರಳೆ ಲೈಟ್‌ಗೆ ಈ ಭಾಗಾಕಾರ ನಡೆಯಲ್ಲ. ಅದರ ವಿಷಯಕ್ಕೇ ಬರೋಣ.

ನೇರಳೆ ಲೈಟ್

ಆನ್‌ಲೈನ್‌ನಲ್ಲಿ 'ಗ್ರೋ ಲೈಟ್' ಅಂತ ಹೊಡೆದರೆ ಮೊದಲು ಕಾಣುವುದು ಇದೇ. ಕೆಂಪು, ನೀಲಿ ಎಲ್‌ಇಡಿ ಸೇರಿ ಕೋಣೆಯೆಲ್ಲ ನೇರಳೆ. ಎಲೆಯ ಹಸಿರು ಬಣ್ಣ ಕೆಂಪು ಮತ್ತು ನೀಲಿಯನ್ನೇ ಜಾಸ್ತಿ ಹೀರುತ್ತದೆ, ಉಳಿದದ್ದು ವ್ಯರ್ಥ ಎನ್ನುವುದು ಇದರ ಹಿಂದಿನ ವಾದ. ಅರ್ಧ ಮಾತ್ರ ನಿಜ. ಇಡೀ ಎಲೆಯ ಮೇಲೆ ಅಳೆದರೆ ಹಸಿರು ಬೆಳಕನ್ನೂ ಗಿಡ ಚೆನ್ನಾಗಿಯೇ ಬಳಸುತ್ತದೆ. ಕೀತ್ ಮೆಕ್‌ಕ್ರೀ ಎಂಬ ವಿಜ್ಞಾನಿ 1972ರಲ್ಲೇ ಹಲವು ಬೆಳೆಗಳ ಎಲೆಗಳ ಮೇಲೆ ಇದನ್ನು ಅಳೆದು ಪ್ರಕಟಿಸಿದ್ದರು. ಹಸಿರು ಬೆಳಕು ಎಲೆಯೊಳಗೆ ಇನ್ನೂ ಆಳಕ್ಕೆ ಇಳಿಯುತ್ತದೆ ಕೂಡ.

ನೇರಳೆಯಲ್ಲಿ ಗಿಡ ಬೆಳೆಯುತ್ತದೆ, ಇಲ್ಲ ಎನ್ನುವುದಿಲ್ಲ. ತೊಂದರೆ ನಮಗೆ. ಆ ಬೆಳಕಿನಲ್ಲಿ ಎಲೆ ಹಳದಿಯಾಗಿದೆಯೋ, ತುದಿ ಸುಟ್ಟಿದೆಯೋ, ಎಲೆಯ ಕೆಳಗೆ ನುಸಿ ಹತ್ತಿದೆಯೋ ಒಂದೂ ಗೊತ್ತಾಗಲ್ಲ, ಎಲ್ಲವೂ ಕಪ್ಪು–ನೇರಳೆ. ಒಣ ಹವೆಯ ನಮ್ಮ ಊರಿನಲ್ಲಿ ನುಸಿ ಕಾಟ ಜಾಸ್ತಿ. ದಿನಾ ಕಣ್ಣು ಹಾಯಿಸಿದರೇ ಸಿಕ್ಕೀತು. ಅದೂ ಅಲ್ಲದೆ ಪಡಸಾಲೆಯಲ್ಲಿ ಆ ಬಣ್ಣ ಇಟ್ಟುಕೊಂಡು ಊಟ ಮಾಡುವುದು ಯಾರಿಗೂ ಬೇಡ.

ಇನ್ನೊಂದು ಮಾತು. ಬಿಳಿ ಎಲ್‌ಇಡಿ ಅಂದರೆ ನೀಲಿ ಬೆಳಕು ಕೊಡುವ ಎಲೆಕ್ಟ್ರಾನಿಕ್ ಚಿಪ್ ಮೇಲೆ ಹಳದಿ ಲೇಪ. ನೀಲಿ ಎಲ್‌ಇಡಿ ಕಂಡುಹಿಡಿದ ಅಕಸಾಕಿ, ಅಮಾನೊ, ನಕಮುರಾ ಮೂವರಿಗೆ 2014ರಲ್ಲಿ ನೊಬೆಲ್ ಬಂದದ್ದು ಇದಕ್ಕೇ. ಹಾಗಾಗಿ ಬಿಳಿ ಟ್ಯೂಬಿನಲ್ಲಿ ನೀಲಿ ಧಾರಾಳವಾಗಿ ಇದ್ದೇ ಇದೆ. ಕೆಂಪು ಸ್ವಲ್ಪ ಕಡಿಮೆ, ಅಷ್ಟೇ.

ಕ್ಲಿಪ್ ಲೈಟ್, ಹಳೆ ಟ್ಯೂಬ್, ಅಕ್ವೇರಿಯಂ ಲೈಟ್

ಬಾಗುವ ಕತ್ತಿನ ಯುಎಸ್‌ಬಿ ಕ್ಲಿಪ್ ಲೈಟ್ ನೋಡಲು ಮುದ್ದಾಗಿದೆ. ಆದರೆ ಫೋನ್ ಚಾರ್ಜರಿನ ಸಾದಾ 5 ವೋಲ್ಟ್, 2 ಆಂಪಿಯರ್‌ನಲ್ಲಿ ಸಿಗುವುದೇ 10 ವ್ಯಾಟ್. ಡಬ್ಬಿಯ ಮೇಲೆ 40, 80 ಎಂದು ಏನೇ ಬರೆದಿರಲಿ, ಅದಕ್ಕಿಂತ ಜಾಸ್ತಿ ಬರುವುದು ಹೇಗೆ? ಒಂದೇ ಕುಂಡದ ಜ್ಯೂವೆಲ್ ಆರ್ಕಿಡ್‌ಗೆ ಸಾಕು. ಪೆಟ್ಟಿಗೆ ಪೂರ್ತಿ ಬೆಳಗಲು ಸಾಲದು. ಕರೆಂಟ್ ಹೋದಾಗ ಪವರ್ ಬ್ಯಾಂಕಿನಲ್ಲಿ ಉರಿಯುತ್ತದೆ ಎನ್ನುವುದು ಒಂದು ಲಾಭ.

ಟಿ-5 ಎಂಬ ಸಣಕಲು ಫ್ಲೋರೆಸೆಂಟ್ ಟ್ಯೂಬ್ ಒಂದು ಕಾಲಕ್ಕೆ ಆರ್ಕಿಡ್‌ನವರ ಮೆಚ್ಚಿನ ದೀಪ. ಈಗ ಬೇಡ. ಟ್ಯೂಬ್ ಸುತ್ತಲೂ ಬೆಳಕು ಚೆಲ್ಲುತ್ತದೆ, ಕೆಳಮುಖವಾಗಿಯೂ ಕಾಯುತ್ತದೆ, ಉರಿದಷ್ಟೂ ಮಂದವಾಗುತ್ತದೆ, ಒಳಗೆ ಪಾದರಸ ಇದೆ. ಪಾದರಸ ಬಳಕೆ ತಗ್ಗಿಸುವ ಅಂತರರಾಷ್ಟ್ರೀಯ ಮಿನಮಾಟಾ ಒಪ್ಪಂದದ ಪ್ರಕಾರ 2027ರ ಹೊತ್ತಿಗೆ ಇಂಥ ಟ್ಯೂಬುಗಳ ತಯಾರಿಕೆ ನಿಲ್ಲಿಸಬೇಕೆಂದು ದೇಶಗಳು ಒಪ್ಪಿವೆ. ಸಿಎಫ್‌ಎಲ್ ಕಥೆಯೂ ಇದೇ. ಹ್ಯಾಲೋಜನ್, ಹಳೆ ಬಲ್ಬಿನ ಮಾತೇ ಬೇಡ.

ಅಕ್ವೇರಿಯಂ ಲೈಟಿನಲ್ಲಿ ಎರಡು ಬಗೆ. ನೀರಿನ ಗಿಡಗಳಿಗೆಂದು ಮಾಡಿದ ಬಿಳಿ–ಕೆಂಪು ಮಿಶ್ರಣದ್ದು ಆರ್ಕಿಡ್‌ಗೂ ಚೆನ್ನಾಗಿ ಹೊಂದುತ್ತದೆ, ಕಾಲುಗಳಿರುವುದರಿಂದ ಗಾಜಿನ ಮೇಲೆ ನೇರ ಕೂರುತ್ತದೆ, ತೇವಕ್ಕೂ ಹೆದರಲ್ಲ. ಮೀನಿನ ಬಣ್ಣ ಎದ್ದು ಕಾಣಲಿ ಎಂದು ಮಾಡಿದ ನೀಲಿ ಲೈಟ್ ಮಾತ್ರ ತರಬೇಡಿ.

ಸಾದಾ ಎಲ್‌ಇಡಿ ಬ್ಯಾಟನ್

ಟ್ಯೂಬ್‌ಲೈಟಿನ ಬದಲು ಗೋಡೆಗೆ ಹಾಕುವ ಉದ್ದನೆಯ ಎಲ್‌ಇಡಿ ಪಟ್ಟಿಯೇ ಬ್ಯಾಟನ್. ಇದು ನನ್ನ ಮೊದಲ ಆಯ್ಕೆ. ಯಾವ ಎಲೆಕ್ಟ್ರಿಕಲ್ ಅಂಗಡಿಗೆ ಹೋದರೂ ಸಿಗುತ್ತದೆ, ಕೆಟ್ಟರೆ ಅದೇ ಸಂಜೆ ಇನ್ನೊಂದು ತರಬಹುದು. ನಾಲ್ಕು ಅಡಿಯ 20 ವ್ಯಾಟಿನದು ನಮ್ಮ ಪೆಟ್ಟಿಗೆಗೆ ಉದ್ದವಾಗುತ್ತದೆ, ಅರ್ಧ ಬೆಳಕು ಗೋಡೆಗೆ ಹೋಗುತ್ತದೆ. ಎರಡು ಅಡಿಯ 10 ವ್ಯಾಟಿನದು ಕೇಳಿ.

ಲೆಕ್ಕ ಹೀಗಿದೆ. ಒಂದು 10 ವ್ಯಾಟ್ ಬ್ಯಾಟನ್ ಸುಮಾರು 1,000 ಲುಮೆನ್ (ದೀಪ ಹೊರಸೂಸುವ ಒಟ್ಟು ಬೆಳಕು) ಕೊಡುತ್ತದೆ. ಎರಡು ಹಾಕಿದರೆ 2,000. ಗಾಜು, ಅಂಚು, ಪಕ್ಕಕ್ಕೆ ಸೋರಿದ್ದು ಎಲ್ಲ ಕಳೆದು ಅರ್ಧ ಎಲೆಗೆ ತಲುಪಿತು ಅನ್ನೋಣ. ಪೆಟ್ಟಿಗೆಯ ತಳ 0.18 ಚದರ ಮೀಟರ್. ತಲುಪಿದ 1,000 ಲುಮೆನ್ ಅನ್ನು ಅದರಿಂದ ಭಾಗಿಸಿದರೆ ಸುಮಾರು 5,500 ಲಕ್ಸ್. ಜ್ಯೂವೆಲ್ ಆರ್ಕಿಡ್‌ಗೆ ಇದು ಧಾರಾಳ, ಫೆಲನಾಪ್ಸಿಸ್‌ಗೆ ಸ್ವಲ್ಪ ಕಡಿಮೆ. ಮೂರನೆಯದು ಸೇರಿಸಿದರೆ 8,000 ದಾಟುತ್ತದೆ, ಫೆಲನಾಪ್ಸಿಸ್ ಹೂಬಿಡುವ ಮಟ್ಟ. ಕುಂಡವನ್ನು ಒಂದು ಇಟ್ಟಿಗೆ ಎತ್ತರಕ್ಕೆ ಏರಿಸಿದರೂ ಎಲೆಗೆ ಬೀಳುವ ಬೆಳಕು ಜಾಸ್ತಿಯಾಗುತ್ತದೆ, ಲೈಟ್ ಸೇರಿಸುವ ಮೊದಲು ಅದನ್ನೇ ಮಾಡಿ ನೋಡಿ.

ಬಣ್ಣ 6500 ಕೆಲ್ವಿನ್ (ನೀಲಿ ಛಾಯೆಯ ಬಿಳಿ) ತರಬೇಕೋ 4000 ತರಬೇಕೋ? ಎರಡೂ ನಡೆಯುತ್ತದೆ. ನಾನು ಎರಡು 6500, ಒಂದು 3000 ಹೀಗೆ ಬೆರೆಸುತ್ತೇನೆ. 3000ದ ಹಳದಿ ಬೆಳಕಿನಲ್ಲಿ ಕೆಂಪು ಜಾಸ್ತಿ. ಇದರಿಂದ ಗಿಡಕ್ಕೆ ದೊಡ್ಡ ವ್ಯತ್ಯಾಸ ಆಗುತ್ತದೆ ಅಂತೇನಿಲ್ಲ, ಆದರೆ ಹೂವಿನ ಬಣ್ಣ ಕಣ್ಣಿಗೆ ನಿಜವಾಗಿ ಕಾಣುತ್ತದೆ.

ಬ್ಯಾಟನ್ನಿನ ದೋಷ ಅಂದರೆ ತೇವ. ಮನೆ ಗೋಡೆಗೆ ಮಾಡಿದ ಇದಕ್ಕೆ ನೀರಿನ ರಕ್ಷಣೆ ಇಲ್ಲ. ಪೆಟ್ಟಿಗೆಯ ಒಳಗೆ ಯಾವ ಕಾರಣಕ್ಕೂ ಇಡಬಾರದು. ಗಾಜಿನ ಮುಚ್ಚಳದ ಮೇಲೆ ಎರಡು ಬೆರಳಿನಷ್ಟು ಸಂದು ಬಿಟ್ಟು, ಅಲ್ಯೂಮಿನಿಯಂ ಪಟ್ಟಿಗೆ ಕಟ್ಟಿ ಕೂರಿಸಿ.

ಈ ಸಂದೇ ನಮ್ಮ ಊರಿಗೆ ಮುಖ್ಯ. ಎಲ್‌ಇಡಿ ತಿನ್ನುವ ಕರೆಂಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅದರ ಬೆನ್ನಿನಲ್ಲೇ ಬಿಸಿಯಾಗುತ್ತದೆ. ಲೈಟ್ ಹೊರಗಿದ್ದರೆ ಆ ಬಿಸಿ ಕೋಣೆಯ ಗಾಳಿಗೆ ಹೋಗುತ್ತದೆ, ಫ್ಯಾನ್ ಅದನ್ನು ಒಯ್ಯುತ್ತದೆ, ಗಾಜಿನೊಳಗೆ ಇಳಿಯುವುದು ಬೆಳಕು ಮಾತ್ರ. ಲೈಟ್ ಒಳಗಿದ್ದರೆ ಪೂರ್ತಿ 30 ವ್ಯಾಟ್ ಆ ಸಣ್ಣ ಗಾಳಿಯಲ್ಲೇ ಉಳಿಯುತ್ತದೆ. ಕೋಣೆಯೇ 36 ಡಿಗ್ರಿ ಇರುವ ದಿನ ಇನ್ನು ಮೂರು–ನಾಲ್ಕು ಡಿಗ್ರಿ ಏರಿದರೆ ಫೆಲನಾಪ್ಸಿಸ್ ತಡೆಯಲ್ಲ. ತಂತಿ ಬಿಟ್ಟ ಥರ್ಮಾಮೀಟರ್ ಒಂದನ್ನು ತಂದು ಎಲೆಯ ಪಕ್ಕ ಇಡಿ. ಹೊಸ ಲೈಟ್ ಹಾಕಿದ ದಿನ ಎರಡು ತಾಸಿನ ನಂತರ ಒಳಗೆ–ಹೊರಗೆ ಎಷ್ಟು ಅಂತರ ಎಂದು ನೋಡಿ. ಎರಡು ಡಿಗ್ರಿಗಿಂತ ಜಾಸ್ತಿ ಇದ್ದರೆ ಸಂದು ಹೆಚ್ಚಿಸಿ, ಇಲ್ಲವೇ ಕಂಪ್ಯೂಟರಿನ 12 ವೋಲ್ಟ್ ಸಣ್ಣ ಫ್ಯಾನ್ ಒಂದನ್ನು ಮುಚ್ಚಳದ ಹಿಂದಿನ ಕಿಂಡಿಗೆ ಹಾಕಿ.

ಪ್ರೊಫೈಲ್ ಸ್ಟ್ರಿಪ್

ಇಂಟೀರಿಯರ್ ಕೆಲಸದವರು ಸೀಲಿಂಗಿಗೆ ಹಾಕುವ 12 ವೋಲ್ಟ್ ಎಲ್‌ಇಡಿ ಪಟ್ಟಿ ಗೊತ್ತಲ್ಲ, ಅಲ್ಯೂಮಿನಿಯಂ ಚಾನಲ್ ಒಳಗೆ ಅಂಟಿಸುತ್ತಾರೆ. ಅದು ಕೂಡ ಒಳ್ಳೆಯ ದಾರಿ. ಬೇಕಾದ ಉದ್ದಕ್ಕೆ ಕತ್ತರಿಸಬಹುದು. ಗಿಡದ ಪಕ್ಕ ಬರುವುದು 12 ವೋಲ್ಟ್ ಮಾತ್ರ, ಒದ್ದೆ ಕೈಯಲ್ಲಿ ಮುಟ್ಟಿದರೂ ಜೀವಕ್ಕೆ ಅಪಾಯ ಇಲ್ಲ. 230 ವೋಲ್ಟ್ ಇರುವ ಅಡಾಪ್ಟರ್ ದೂರ ಇರುತ್ತದೆ, ಅದರ ಬಿಸಿಯೂ ದೂರ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಬ್ಯಾಟನ್ನಿಗಿಂತ ಇದೇ ಸರಿ. ಚಾನಲ್ ಇಲ್ಲದೆ ಬರೀ ಪಟ್ಟಿಯನ್ನು ಮುಚ್ಚಳಕ್ಕೆ ಅಂಟಿಸಿದರೆ ಮಾತ್ರ ಬಿಸಿ ಹೋಗಲು ದಾರಿ ಇಲ್ಲದೆ ಬೇಗ ಮಂದವಾಗುತ್ತದೆ, ಅಂಟೂ ಬಿಡುತ್ತದೆ.

ನಿಜವಾದ ಗ್ರೋ ಬಾರ್

ಗಿಡಕ್ಕೆಂದೇ ಮಾಡಿದ ಬಿಳಿ 'ಫುಲ್ ಸ್ಪೆಕ್ಟ್ರಮ್' ಬಾರ್ ಮತ್ತು ಬೋರ್ಡ್‌ಗಳಲ್ಲಿ ಒಳ್ಳೆಯವು ಒಂದು ವ್ಯಾಟಿಗೆ ಸೆಕೆಂಡಿಗೆ 2.5 ಮೈಕ್ರೋಮೋಲ್ ಆಸುಪಾಸು ಕೊಡುತ್ತವೆ. ಸಾದಾ ಬ್ಯಾಟನ್ ಕೊಡುವುದು ಸುಮಾರು 1.5. ಅಂದರೆ 30 ವ್ಯಾಟಿನ ಬ್ಯಾಟನ್ ಮಾಡುವ ಕೆಲಸವನ್ನು 18 ವ್ಯಾಟಿನ ಒಳ್ಳೆ ಬಾರ್ ಮಾಡುತ್ತದೆ. ತಣ್ಣನೆ ದೇಶದಲ್ಲಿ ಇದು ಬಿಲ್ಲಿನ ಉಳಿತಾಯ ಅಷ್ಟೇ. ನಮಗೆ 12 ವ್ಯಾಟ್ ಬಿಸಿ ಕಡಿಮೆಯಾಯಿತು, ಅದೇ ದೊಡ್ಡದು. ದುಡ್ಡು ಇದ್ದರೆ, ಫೆಲನಾಪ್ಸಿಸ್‌ನಲ್ಲಿ ಹೂ ನೋಡಲೇಬೇಕು ಎಂದಿದ್ದರೆ, ಇದಕ್ಕೇ ಹಾಕಿ. ಬೆಳಕು ಕಡಿಮೆ–ಜಾಸ್ತಿ ಮಾಡುವ ತಿರುಪು ಇದ್ದರೆ ಇನ್ನೂ ಛಲೋ, ಬೇಸಿಗೆಯಲ್ಲಿ ಇಳಿಸಿಕೊಳ್ಳಬಹುದು.

ಆದರೆ ಈ ಮಾರುಕಟ್ಟೆಯಲ್ಲಿ ಸುಳ್ಳು ಜಾಸ್ತಿ. "1000 ವ್ಯಾಟ್ ರೀ ಸರ, ಗಿಡದ ಲೈಟೇ" ಎಂದು ಕೊಡುವುದು ನೂರು ವ್ಯಾಟೂ ಎಳೆಯದೆ ಇರಬಹುದು. ದೊಡ್ಡ ಅಂಕಿ 'ಇಷ್ಟಕ್ಕೆ ಸಮ' ಎನ್ನುವ ಜಾಹೀರಾತಿನ ಲೆಕ್ಕ. ನಿಜವಾಗಿ ಎಷ್ಟು ಎಳೆಯುತ್ತದೆ ಎಂದು ನಿಮ್ಮ ಮನೆಯ ಮೀಟರೇ ಹೇಳುತ್ತದೆ. ಡಿಜಿಟಲ್ ಮೀಟರಿನಲ್ಲಿ ಒಂದು ಕೆಂಪು ದೀಪ ಮಿಣುಕುತ್ತಿರುತ್ತದೆ, ಒಂದು ಯೂನಿಟ್‌ಗೆ ಎಷ್ಟು ಮಿಣುಕು ಎಂದು ಪಕ್ಕದಲ್ಲೇ ಅಚ್ಚಾಗಿರುತ್ತದೆ. 3200 ಎಂದಿದ್ದರೆ, ಮನೆಯ ಉಳಿದದ್ದೆಲ್ಲ ಆಫ್ ಮಾಡಿ ಲೈಟ್ ಒಂದನ್ನೇ ಹಚ್ಚಿದಾಗ 20 ವ್ಯಾಟಿಗೆ ಹೆಚ್ಚುಕಡಿಮೆ ನಿಮಿಷಕ್ಕೊಂದು ಮಿಣುಕು ಬರಬೇಕು. 100 ವ್ಯಾಟ್ ಆದರೆ ಹನ್ನೊಂದು ಸೆಕೆಂಡಿಗೊಂದು. ಫ್ರಿಜ್ ಆಫ್ ಮಾಡುವುದು ಮರೆಯಬೇಡಿ.

ಯಾವ ಹೊತ್ತಿಗೆ ಹಚ್ಚಬೇಕು

ನಮ್ಮ ಊರಿನ ಹಗಲು ಜೂನ್‌ನಲ್ಲಿ ಸುಮಾರು 13 ತಾಸು, ಡಿಸೆಂಬರ್‌ನಲ್ಲಿ 11 ತಾಸಿನ ಮೇಲೆ ಸ್ವಲ್ಪ. ಪೆಟ್ಟಿಗೆಗೆ 12 ತಾಸು ಎಂದಿಟ್ಟುಕೊಂಡರೆ ಸರಿ. ಬೇಸಿಗೆಯಲ್ಲಿ ಬಿಸಿ ತಪ್ಪಿಸಲು ಇಡೀ ರಾತ್ರಿ ಹಚ್ಚಿ ಹಗಲು ಆರಿಸಿದರೆ ಹೇಗೆ ಎಂದು ತೋಚುತ್ತದೆ. ಅದು ಬೇಡ. ಫೆಲನಾಪ್ಸಿಸ್ ರಾತ್ರಿ ಕತ್ತಲಲ್ಲಿ, ತಂಪಿನಲ್ಲಿ ಎಲೆಯ ರಂಧ್ರ ತೆರೆದು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುವ ಗಿಡ. ತಂಪು ಹೊತ್ತಿನ ಕತ್ತಲೆ ಅದಕ್ಕೆ ಬೇಕು. ಮಧ್ಯದ ದಾರಿ ಅಂದರೆ ಏಪ್ರಿಲ್–ಮೇನಲ್ಲಿ ಬೆಳಗಿನ ನಾಲ್ಕಕ್ಕೆ ಹಚ್ಚಿ ಮಧ್ಯಾಹ್ನ ಎರಡಕ್ಕೆ ಆರಿಸುವುದು. ಎರಡರಿಂದ ಆರು ಕೋಣೆ ಕುದಿಯುವ ಹೊತ್ತು, ಆಗ ಲೈಟಿನ ಬಿಸಿ ಒಂದಾದರೂ ಇರಲ್ಲ. ಪೆಟ್ಟಿಗೆಯನ್ನು ಕೂಲರ್ ಇರುವ ಕೋಣೆಯಲ್ಲೇ ಇಡಿ. ಕೂಲರಿನ ಗಾಳಿ ತಂಪೂ ಹೌದು, ತೇವವೂ ಹೌದು. ಗಾಳಿ ನೇರ ಗಿಡಕ್ಕೆ ಹೊಡೆಯದಿದ್ದರೆ ಸಾಕು.

ನವೆಂಬರ್ ನಡುವಿನಿಂದ ಜನವರಿವರೆಗೆ ಬೇರೆ ಆಟ. ಫೆಲನಾಪ್ಸಿಸ್ ಹೂಕಡ್ಡಿ ಬಿಡಲು ಕೆಲವು ವಾರ 26 ಡಿಗ್ರಿಗಿಂತ ತಂಪು ಬೇಕು. 28ರ ಮೇಲೆ ಇದ್ದರೆ ಎಲೆ ಮಾತ್ರ ಬಿಡುತ್ತಾ ಕೂರುತ್ತದೆ. ಈ ತಂಪು ನಮ್ಮಲ್ಲಿ ಆ ದಿನಗಳಲ್ಲಿ ಪುಕ್ಕಟೆ ಸಿಗುತ್ತದೆ. ಲೈಟಿನ ಬಿಸಿ ಒಳಗೆ ನಿಂತರೆ ಅದನ್ನೂ ಕಳೆದುಕೊಂಡಂತೆ. ಬೀದರ್‌ನವರಿಗೆ ಎತ್ತರದ ದೆಸೆಯಿಂದ ಬೇಸಿಗೆ ಒಂಚೂರು ಹಗುರ, ಚಳಿ ಜೋರು. 15 ಡಿಗ್ರಿಗಿಂತ ಕೆಳಗೆ ಹೋಗುವ ರಾತ್ರಿಗಳಲ್ಲಿ ಅವರು ಮುಚ್ಚಳದ ಕಿಂಡಿ ಮುಚ್ಚಿ, ಲೈಟನ್ನು ರಾತ್ರಿ ಎಂಟರವರೆಗೆ ಓಡಿಸುವುದು ಒಳ್ಳೆಯದು. ಯಾದಗಿರಿಯವರು ಕಲಬುರಗಿಯ ಲೆಕ್ಕವನ್ನೇ ಹಿಡಿಯಲಿ.

ಟೈಮರ್ ಕೊಳ್ಳುವಾಗ ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರೇ ಬೇಕು. ಹಲ್ಲು ತಿರುಗಿಸುವ ಟೈಮರ್ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ದಿನಕ್ಕೆ ಎರಡು ತಾಸು ಕರೆಂಟ್ ಹೋಯಿತು ಅಂದರೆ ವಾರದಲ್ಲಿ ನಿಮ್ಮ ಬೆಳಗಿನ ನಾಲ್ಕು ಸಂಜೆಯ ಆರಾಗಿರುತ್ತದೆ.

ಖರ್ಚಿನ ಮಾತು ಚಿಕ್ಕದು. 20 ವ್ಯಾಟ್, ದಿನಕ್ಕೆ 12 ತಾಸು, ತಿಂಗಳಿಗೆ ಏಳು ಯೂನಿಟ್ ಮೇಲೆ ಸ್ವಲ್ಪ. ಯೂನಿಟ್‌ಗೆ ಏಳು ರೂಪಾಯಿ ಹಿಡಿದರೂ ಐವತ್ತು. ಗೃಹಜ್ಯೋತಿಯಲ್ಲಿ ಮಿತಿಯ ಅಂಚಿನಲ್ಲೇ ಇರುವವರು ಮಾತ್ರ ಈ ಏಳು ಯೂನಿಟ್ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಹಾಕಿದ ಮೇಲೆ

ಬೆಳಕು ಸರಿ ಇದೆಯೋ ಇಲ್ಲವೋ ಎಲೆಯನ್ನೇ ನೋಡಿ. ಫೆಲನಾಪ್ಸಿಸ್ ಎಲೆ ಕಡು ಹಸಿರಾಗಿ ಉದ್ದುದ್ದ ಜೋತುಬಿದ್ದರೆ ಬೆಳಕು ಕಡಿಮೆ. ತಿಳಿ ಹಸಿರು, ಗಟ್ಟಿ ಎಲೆ ಆದರೆ ಸರಿ. ಅಂಚಿಗೆ ಕೆಂಪು ಹತ್ತಿದರೆ ಜಾಸ್ತಿಯ ಗಡಿ. ಬಿಳಿಚಿ ಒಣ ಮಚ್ಚೆ ಬಿದ್ದರೆ ಸುಟ್ಟಿದೆ, ಅದು ಮತ್ತೆ ಹಸಿರಾಗಲ್ಲ. ಲೈಟ್ ಬದಲಿಸಿದ ಮೇಲೆ ಎರಡು–ಮೂರು ವಾರ ಬಿಟ್ಟು ನೋಡಿ. ದಿನಾ ಎತ್ತರ ಬದಲಿಸುತ್ತಿದ್ದರೆ ಏನೂ ಗೊತ್ತಾಗಲ್ಲ.

ಕೆಲವು ತಿಂಗಳಾದ ಮೇಲೆ ಲಕ್ಸ್ ಇಳಿದರೆ ಲೈಟ್ ಹಾಳಾಯಿತು ಎಂದು ಹೊಸದು ತರಲು ಓಡಬೇಡಿ, ಮುಚ್ಚಳದ ಒಳಮೈ ಮೇಲೆ ಬೆರಳು ಆಡಿಸಿ. ಬೋರ್ ನೀರು ಸಿಂಪಡಿಸುವ ಮನೆಗಳಲ್ಲಿ ಹನಿ ಹನಿ ಆರಿ ಬಿಳಿ ಉಂಗುರಗಳ ಪದರ ಕಟ್ಟಿರುತ್ತದೆ, ಉಗುರಿಗೆ ಸುಣ್ಣದ ಹಾಗೆ ಹತ್ತುತ್ತದೆ. ಮೇಲ್ಮೈ ಮೇಲೆ ಧೂಳು ಬೇರೆ. ವಿನಿಗರ್ ಹಚ್ಚಿದ ಬಟ್ಟೆಯಿಂದ ಒರೆಸಿ ಮತ್ತೆ ಫೋನ್ ಇಟ್ಟು ಅಳೆದರೆ ಅಂಕಿ ಕಣ್ಣೆದುರೇ ಏರುತ್ತದೆ. ಸಿಂಪಡಿಸಲು ಮಳೆನೀರು ಅಥವಾ ಆರ್‌ಒ ನೀರು ಬಳಸಿದರೆ ಈ ಕೆಲಸ ಬಹಳ ಕಡಿಮೆಯಾಗುತ್ತದೆ, ಬೇರಿಗೂ ಅದೇ ಒಳ್ಳೆಯದು.

ಕೊಳ್ಳುವಾಗ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಗುರುತು ಇದೆಯೇ ನೋಡಿ. ಪೆಟ್ಟಿಗೆಯ ಒಳಗೇ ಇಡಲೇಬೇಕಾದ ಸಂದರ್ಭ ಬಂದರೆ ಧೂಳು, ನೀರು ಒಳಹೋಗದು ಎಂಬ ಗುರುತಾದ ಐಪಿ65 ಬರೆದದ್ದನ್ನೇ ತನ್ನಿ. ವೈರ್ ಪ್ಲಗ್ಗಿಗೆ ಹೋಗುವ ಮೊದಲು ಒಮ್ಮೆ ಕೆಳಗೆ ಜೋತುಬಿದ್ದು ಮೇಲೇರಲಿ, ಹರಿದು ಬಂದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಸಾಕೆಟ್ ಮುಟ್ಟಲ್ಲ. ವೋಲ್ಟೇಜ್ ಏರಿಳಿತ ನಮ್ಮಲ್ಲಿ ಜಾಸ್ತಿ, ಎಲ್‌ಇಡಿಯಲ್ಲಿ ಮೊದಲು ಸಾಯುವುದು ಡ್ರೈವರ್, ಅಂದರೆ ಮನೆ ಕರೆಂಟನ್ನು ಎಲ್‌ಇಡಿಗೆ ಹೊಂದಿಸಿ ಕೊಡುವ ಭಾಗ. ಡ್ರೈವರ್ ಬೇರೆಯಾಗಿ ಬಿಚ್ಚಿ ಬದಲಿಸುವಂತಿದ್ದರೆ ಲೈಟ್ ಎಸೆಯುವುದು ತಪ್ಪುತ್ತದೆ, ಅಂಗಡಿಯಲ್ಲೇ ಕೇಳಿಕೊಳ್ಳಿ. ಬ್ಯಾಟನ್ನಿಗೂ ವಾರಂಟಿ ಇರುತ್ತದೆ. ಬಿಲ್ ಪಡೆದು ಫೋಟೊ ತೆಗೆದಿಟ್ಟುಕೊಳ್ಳಿ, ಈಗಿನ ಬಿಲ್ಲಿನ ಕಾಗದದ ಅಕ್ಷರ ನಮ್ಮ ಬಿಸಿಲಿಗೆ ವರ್ಷದೊಳಗೆ ಮಾಸಿ ಹೋಗುತ್ತದೆ.